ಊರಿನ ಬೆರಳು

ಸರ್ಕಾರದವರು ರಕ್ತ ಕೇಳಿಕೊಂಡು ಬಂದಾಗ ಊರಿನ ಪರವಾಗಿ ಬೆರಳು ಕೊಡುವುದು ನಮ್ಮ ಮನೆತನದ ಕೆಲಸ. ಕೆರೆಯ ತೂಬು ಎತ್ತುವ ಮನೆ ಒಂದಿದೆ, ಸಂತೆಯ ಗಂಟೆ ಬಾರಿಸುವ ಮನೆ ಒಂದಿದೆ, ಸತ್ತವರ ಮನೆಯಲ್ಲಿ ಮೊದಲ ಅಳು ತೆಗೆಯುವ ಮನೆ ಒಂದಿದೆ. ನಮ್ಮದು ಬೆರಳು. ಅಜ್ಜ ಕೊಟ್ಟ, ಅಪ್ಪ ಕೊಟ್ಟ, ಆಮೇಲೆ ನಾನು. ನನ್ನ ಹೆಸರು ಕಸ್ತೂರಿ. ಊರಿನವರು ಕರೆಯುವುದು ಬೆರಳವ್ವ ಎಂದು. ನನಗೆ ಇಪ್ಪತ್ತೇಳು ವರ್ಷ. ಹೆಸರು ಕೇಳಿದವರು ಎಪ್ಪತ್ತು ಅಂದುಕೊಳ್ಳುತ್ತಾರೆ.

ಆರು ವರ್ಷಕ್ಕೊಮ್ಮೆ ದೇಶದ ಆರೋಗ್ಯ ಸಮೀಕ್ಷೆಯವರು ಬರುತ್ತಾರೆ. ಪಟ್ಟಿಯಲ್ಲಿ ಇಷ್ಟು ಮನೆ ಬಿಟ್ಟು ಒಂದು ಮನೆ ಎಂದು ಎಣಿಸಿ ನಲವತ್ತು ಮನೆ ಆರಿಸುತ್ತಾರೆ, ಮನೆಗೊಬ್ಬರಂತೆ ವಯಸ್ಕರ ಹೆಸರು ಎತ್ತುತ್ತಾರೆ. ಆ ಮನೆಯವರು ನಡುಮನೆಯಲ್ಲಿ ಮಣೆ ಹಾಕುತ್ತಾರೆ. ನಾನು ಅದರ ಮೇಲೆ ಕೂತ ಕೂಡಲೇ ಯಾರ ಹೆಸರು ಬಂದಿದೆಯೋ ಅವರಾಗುತ್ತೇನೆ. ಏಳುವ ತನಕ ಅವರೇ. ಸಮೀಕ್ಷೆಯವರು ಎಷ್ಟು ದೂರದಿಂದ ಬಂದವರಾದರೂ ಇದನ್ನು ಒಪ್ಪಿಕೊಂಡೇ ಬರೆದುಕೊಂಡು ಹೋಗಿದ್ದಾರೆ. ಮೊದಲ ಸಲ ಕೂತಾಗ ಒಂದೇ ದಿನದಲ್ಲಿ ನಾನು ಎಂಬತ್ತರ ಕಲ್ಲಪ್ಪಜ್ಜನಾಗಿದ್ದೆ, ಮೂರು ಮಕ್ಕಳ ತಾಯಿಯಾಗಿದ್ದೆ, ಲಾರಿ ಡ್ರೈವರನಾಗಿದ್ದೆ. ಡ್ರೈವರನ ಹೆಂಡತಿ ಒಳಗಿನಿಂದ ಬಂದವಳು ನನ್ನೆದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಂಚು ಹೊದಸ್ತೀನಿ ಅಂದು ಮೂರು ತಿಂಗಳಾತು. ಈಗ ಕೈಗೆ ಸಿಕ್ಕೀದಿ, ಕುಂತು ಕೇಳು" ಎಂದು ಹತ್ತು ನಿಮಿಷ ಬೈದಳು. ನಿಜವಾದ ಗಂಡ ಬಾಗಿಲ ಹೊರಗೆ ಬೀಡಿ ಸೇದುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಮುಂದಿನ ವಾರ ಹೊದಿಸುತ್ತೇನೆ ಎಂದು ಮಾತು ಕೊಟ್ಟು ನಾನು ಎದ್ದೆ. ಅವನು ಹೊದಿಸಿದ.

ಮೊದಲ ಮೂರು ಸುತ್ತಿನ ಸಮೀಕ್ಷೆಯಲ್ಲೂ ನಮ್ಮ ಊರಿನ ಸಕ್ಕರೆ ಕಾಯಿಲೆ ಸೊನ್ನೆ. ಅಜ್ಜ, ಅಪ್ಪ ಇಬ್ಬರೂ ದಿನವಿಡೀ ಕೈಮಗ್ಗ ತುಳಿದವರು. ಅವರ ರಕ್ತದಲ್ಲಿ ಸಕ್ಕರೆ ನಿಲ್ಲಲು ಪುರುಸೊತ್ತೇ ಇರಲಿಲ್ಲ. ಮೂರನೆಯ ಸುತ್ತಿನ ಹೊತ್ತಿಗೆ ನೂಲು ಎಳೆದೆಳೆದು ಅಪ್ಪನ ಬೆರಳು ಎಷ್ಟು ಗಡುಸಾಗಿತ್ತೆಂದರೆ ಎರಡು ಸೂಜಿ ಬಾಗಿದವು. ಆಗ ನನ್ನನ್ನು ಹಾಸ್ಟೆಲಿನಿಂದ ಕರೆಸಿದರು. ನಾನು ಮೂರು ವರ್ಷ ಹಾಸ್ಟೆಲಿನ ಸಾರು ಉಂಡವಳು. ಆ ಸಾರಿನಲ್ಲಿ ಬೇಳೆಯೇ ಇರುತ್ತಿರಲಿಲ್ಲ, ಇನ್ನು ಕಾಯಿಲೆ ಎಲ್ಲಿಂದ ಬರಬೇಕು? ನಲವತ್ತು ಮನೆಯಲ್ಲೂ ತೊಂಬತ್ತರ ಆಸುಪಾಸು ಬಂತು. ಅಪ್ಪ ಅಂದಿನಿಂದ ಮಗ್ಗಕ್ಕೆ ಮರಳಿದ, ಬೆರಳಿನ ಕೆಲಸ ನನ್ನದಾಯಿತು.

ಹಾಸ್ಟೆಲಿನ ಲೈಬ್ರರಿಯಲ್ಲಿ ಕಾದಂಬರಿಗಳು ಮುಗಿದ ಮೇಲೆ ಸರ್ಕಾರಿ ವರದಿಗಳು ಮಾತ್ರ ಉಳಿದಿದ್ದವು. ಅವನ್ನೂ ಓದಿದ್ದೆ. ಸುತ್ತಲಿನ ಊರುಗಳಲ್ಲಿ ಮೊದಲ ಸುತ್ತಿನಲ್ಲಿ ನೂರಕ್ಕೆ ಐದು, ಎರಡನೆಯದರಲ್ಲಿ ಒಂಬತ್ತು. ಮೂರನೆಯದರ ವರದಿ ಸಿಕ್ಕಿದ್ದು ಊರಿಗೆ ಬಂದ ಮೇಲೆ, ಅದರಲ್ಲಿ ಹದಿಮೂರು. ನಡುವೆ ಒಮ್ಮೆ ಎಷ್ಟು ದಾಟಿದರೆ ಕಾಯಿಲೆ ಎಂಬ ಗೆರೆಯನ್ನೇ ಕೆಳಗಿಳಿಸಿದ್ದರು. ಯಾರೂ ಒಂದು ಚಮಚ ಸಕ್ಕರೆ ಹೆಚ್ಚಿಗೆ ತಿನ್ನದೆ ಎಷ್ಟೋ ಜನ ರೋಗಿಗಳಾದರು. ಗೆರೆಯನ್ನು ಎಲ್ಲಿಗೆ ಇಳಿಸಿದರೂ ನಮ್ಮ ಊರು ಸೊನ್ನೆ. ವರದಿಯ ಅಡಿಟಿಪ್ಪಣಿಯೊಂದರಲ್ಲಿ, ಈ ಊರಿನ ಆಹಾರ ಪದ್ಧತಿ ಅಧ್ಯಯನಕ್ಕೆ ಯೋಗ್ಯ ಎಂದು ಬರೆದಿದ್ದರು. ಓದಿ ಲೈಬ್ರರಿಯಲ್ಲಿ ಒಬ್ಬಳೇ ನಕ್ಕಿದ್ದೆ. ನಕ್ಕಿದ್ದು ತಪ್ಪು ಎಂದು ಊರಿಗೆ ಬಂದ ಮೇಲೆ ಗೊತ್ತಾಯಿತು.

ಸೊನ್ನೆ ಎಂದರೆ ಮಾತ್ರೆಯೂ ಸೊನ್ನೆ. ಕಾಯಿಲೆ ಇಲ್ಲದ ಊರಿನ ಆರೋಗ್ಯ ಕೇಂದ್ರಕ್ಕೆ ಸಕ್ಕರೆಯ ಮಾತ್ರೆ ಯಾಕೆ ಕಳಿಸುತ್ತಾರೆ? ಪಕ್ಕದ ಪಟ್ಟಣದ ಆಸ್ಪತ್ರೆಗೆ ಹೋದರೆ, ನಿಮ್ಮ ಊರಿನವರಿಗೆ ಈ ರೋಗ ಇಲ್ಲವಲ್ಲ ಎಂದು ತಿರುಗಿ ಕಳಿಸುತ್ತಿದ್ದರು. ಹಾಗಾಗಿ ಕಾಯಿಲೆ ಇದ್ದವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಪಟ್ಟಣದ ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತರಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಬಡೇಸೋಪು, ಊಟದ ಮೇಲೆ ಜಗಿಯುವ ಸೋಂಪು. ಯಾರೂ ತಮಗೆ ಸಕ್ಕರೆ ಇದೆ ಎನ್ನುತ್ತಿರಲಿಲ್ಲ. "ಬಡೇಸೋಪು ಮುಗದೈತಿ" ಎನ್ನುತ್ತಿದ್ದರು. ಕಂಡಕ್ಟರ್ ರಜೆ ಹಾಕಿದ ವಾರ ಅರ್ಧ ಊರು ಸುಸ್ತಾಗಿ ಕಟ್ಟೆಯ ಮೇಲೆ ಕೂತಿರುತ್ತಿತ್ತು.

ಹಾಗೆ ತರಿಸಿಕೊಳ್ಳುವವರಲ್ಲಿ ನನ್ನ ಸೋದರತ್ತೆ ಶಂಕ್ರವ್ವನೂ ಒಬ್ಬಳು. ಅತ್ತೆ ಬಳೆ ಮಾರುತ್ತಾಳೆ. ಊರಿನ ಪ್ರತಿ ಹೆಂಗಸಿನ ಕೈಯನ್ನೂ ವರ್ಷಕ್ಕೆರಡು ಸಲ ಹಿಡಿದು, ಗೆಣ್ಣು ಒತ್ತಿ, ಬಳೆ ಏರಿಸುತ್ತಾಳೆ. ಯಾರ ಕೈಗೆ ಯಾವ ಅಳತೆ ಎಂಬುದು ಅವಳಿಗೆ ಬಾಯಿಪಾಠ. ಯಾರ ಅಳತೆ ಇದ್ದಕ್ಕಿದ್ದಂತೆ ಇಳಿಯಿತು ಎಂಬುದೂ ಗೊತ್ತು. "ಏಳು ಮಂದಿಗೊಬ್ಬಾಕಿ ಕರಗಾಕತ್ಯಾಳ" ಎಂದು ಅವಳು ನನಗೆ ಹೇಳಿದ್ದಳು. "ಗಂಡಸರ ಲೆಕ್ಕ ನನಗ ಸಿಗೂದಿಲ್ಲ. ಬಳಿ ಇಟ್ಕೊಂಡಿದ್ರ ಅವರದೂ ಹೇಳ್ತಿದ್ನಿ." ದೇಶದ ಸಮೀಕ್ಷೆಯವರು ಹದಿನೆಂಟು ವರ್ಷದಲ್ಲಿ ಕಂಡುಹಿಡಿಯಲಾಗದ್ದು ಅತ್ತೆಯ ಬಳೆಯ ಬುಟ್ಟಿಯಲ್ಲಿತ್ತು.

ಸಮೀಕ್ಷೆಯ ನಾಲ್ಕನೆಯ ಸುತ್ತು ಬರುವ ಹೊತ್ತಿಗೆ ಅತ್ತೆಯ ಬಲಗಾಲಿನ ಹೆಬ್ಬೆರಳಲ್ಲಿ ಗಾಯವಾಗಿತ್ತು. ಚಪ್ಪಲಿ ಕಚ್ಚಿದ ಸಣ್ಣ ಗಾಯ. ಎರಡು ತಿಂಗಳಾದರೂ ಮಾಯಲಿಲ್ಲ. ಬುಟ್ಟಿ ಹೊತ್ತು ಓಣಿ ತಿರುಗುವುದು ನಿಂತಿತು. ನಾನು ಅವಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಸುಲೋಚನಾ ಸಿಸ್ಟರ್ ಗಾಯ ತೊಳೆದು, ಪಟ್ಟಿ ಕಟ್ಟಿ, ಕೈ ಒರೆಸಿಕೊಳ್ಳುತ್ತಾ ಸತ್ಯ ಹೇಳಿದರು.

"ದಿನಾ ಎರಡು ಹೊತ್ತು ಮಾತ್ರಿ ತಪ್ಪದಂಗ ಬಿದ್ರ ಬೆರಳು ಉಳೀತೈತಿ. ಹಿಂಗ ಒಂದಿನ ತಗೊಂಡು ನಾಕ್ ದಿನ ಬಿಟ್ರ, ಮುಂದಿನ ತಿಂಗಳು ತಗೀಬೇಕಾಗತೈತಿ. ಬರೇ ಬೆರಳೋ, ಪಾದಾನೋ, ಅದನ್ನ ನಾ ಹೇಳೂದಿಲ್ಲ."

"ಮತ್ತ ನೀವ ತರಿಸ್ರಲ್ಲ ಸಿಸ್ಟರ್" ಎಂದೆ.

"ಎಲ್ಲಿಂದ ತರಿಸ್ಲಿ? ಮ್ಯಾಲಿನವರು ಕೇಳ್ತಾರ, ಸೊನ್ನಿ ಊರಿಗೆ ಮಾತ್ರಿ ಯಾರಿಗೆ ಅಂತ. ಒಂದ ಒಂದು ಕೇಸ್ ಸಮೀಕ್ಷಾದಾಗ ಬಂದಿದ್ರ ನನ್ನ ಪುಸ್ತಕದಾಗ ಒಂದು ಪುಟ ತೆರೀತಿದ್ನಿ. ಆ ಸೊನ್ನಿ ಮಾಡಿದಾಕಿ ಯಾರು? ನೀನ."

ಅತ್ತೆ ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಸುಡಗಾಡು ಬೆರಳು. ನನ್ನ ಬೆರಳು ಹೋಗಾಕ ಬಂದೈತಿ, ಇದು ಮಾತ್ರ ತೊಂಬತ್ತು ತೊಂಬತ್ತು ಅಂತೈತಿ. ಮತ್ತ ನಿನಗ್ಯಾಕ ಬಳಿ ಜಾರಾಕತ್ತಾವು? ಹ್ವಾದ ವರ್ಷ ಗೆಣ್ಣಿಗೆ ಎಣ್ಣಿ ಹಚ್ಚಿ ಏರಿಸಿದ್ನಿ."

"ಬ್ಯಾಸಗಿ ಅತ್ತಿ. ಬರೇ ನೀರು ಕುಡ್ಯೂದಾಗೇತಿ, ಊಟ ಸೇರವಲ್ದು" ಎಂದೆ. ವರದಿಗಳನ್ನು ಓದಿದವಳು ಹೀಗೆ ಹೇಳಿದೆ. ವರದಿಯಲ್ಲಿ ಇರುವುದು ಬೇರೆಯವರು ಎಂದೇ ನಾನೂ ಅಂದುಕೊಂಡಿದ್ದೆ.

ನಾನು ನೇರವಾಗಿ ಮುದಕಪ್ಪ ಯಜಮಾನರ ಮನೆಗೆ ಹೋದೆ. ಊರಿನ ಪದ್ಧತಿಗಳನ್ನು ನೋಡಿಕೊಳ್ಳುವವರು ಅವರು. ಈ ಸಲ ಯಾರ ಹೆಸರು ಬರುತ್ತದೋ ಅವರೇ ಬೆರಳು ಕೊಡಲಿ, ನಾನು ಕೂರುವುದಿಲ್ಲ ಎಂದೆ. ಅಪ್ಪನೂ ಅಲ್ಲೇ ಇದ್ದ. ಯಜಮಾನರು ಹೋಳಿಗೆ ತಿನ್ನುತ್ತಿದ್ದರು; ನನಗೂ ಎರಡು ಹಾಕಿಸಿದರು. ಬೆರಳಿನ ಮನೆಯವರಿಗೆ ದಿನಕ್ಕೊಂದು ಮನೆಯ ಊಟ, ಆ ಊಟದಲ್ಲಿ ಸಿಹಿ ಇಲ್ಲದಿದ್ದರೆ ಆ ಮನೆಗೆ ಅವಮಾನ. ಹಾಸ್ಟೆಲ್ ಬಿಟ್ಟು ಬಂದ ಆರು ವರ್ಷದಲ್ಲಿ ಹೋಳಿಗೆ, ಹುಗ್ಗಿ, ಮಾದಲಿ, ಉಂಡಿ ತಪ್ಪಿದ ದಿನ ನನಗೆ ನೆನಪಿಲ್ಲ. ಅಪ್ಪನೂ ಉಣ್ಣುತ್ತಿದ್ದ, ಉಂಡು ಮಗ್ಗಕ್ಕೆ ಇಳಿಯುತ್ತಿದ್ದ. ನಾನು ಉಂಡು ಪುಸ್ತಕ ಹಿಡಿದು ಮಲಗುತ್ತಿದ್ದೆ.

"ಮಂದಿ ತಮ್ಮ ಬೆರಳು ತಾವ ಕೊಟ್ರ ನಿಮ್ಮ ಮನಿ ಯಾಕ ಬೇಕವ್ವಾ?" ಎಂದರು ಯಜಮಾನರು. "ಇವತ್ತ ಬೆರಳು ಕೊಡ್ತಾರ. ನಾಳೆ ತಮ್ಮ ಸತ್ತೋರಿಗೆ ತಾವ ಮೊದಲು ಅಳ್ತೀವಿ ಅಂತಾರ. ಆಮ್ಯಾಲ ಊರು ಅಂದ್ರ ಏನು ಉಳೀತು?"

"ಅತ್ತಿ ಕಾಲು ಹೋಗ್ತೈತ್ರಿ."

"ಅದಕ್ಕ ನನಗೂ ಕೆಟ್ಟ ಅನಸ್ತೈತಿ. ಆದ್ರ ಊರಿಗೆ ಕಾಯ್ಲಿ ಇಲ್ಲ."

ಅಪ್ಪ ನಡುವೆ ಬಾಯಿ ಹಾಕಿ, "ಕೊಡೂದಷ್ಟ ನಮ್ಮ ಕೆಲಸ. ಬಂದ ನಂಬರ ನಮ್ಮದಲ್ಲ, ಕಸ್ತೂರಿ" ಎಂದ. ಅವನ ತಂಗಿಯ ಕಾಲಿನ ವಿಷಯವದು. ಆದರೆ ಮನೆತನದ ಕೆಲಸದ ಮಾತು ಬಂದರೆ ಅಪ್ಪನಿಗೆ ತಂಗಿಯೂ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ.

ಆಯಿತು ಎಂದು ಎದ್ದು ಬಂದೆ. ಬರುವಾಗಲೇ ಒಂದು ಉಪಾಯ ಮಾಡಿಕೊಂಡಿದ್ದೆ. ಮಣೆಯ ಮೇಲೆ ಕೂತವರೇ ಆ ಮನೆಯವರು ಎಂಬುದು ಪದ್ಧತಿ. ಕೂತದ್ದು ಯಾರು ಎಂದು ಸಮೀಕ್ಷೆಯವರು ಕೇಳುವುದಿಲ್ಲ. ನಲವತ್ತನೆಯ ಮನೆಯ ಹೊತ್ತಿಗೆ ಎಲ್ಲರೂ ದಣಿದಿರುತ್ತಾರೆ. ಅಲ್ಲಿ ನಾನು ತಲೆ ತಿರುಗುತ್ತದೆ ಎಂದು ಹೊರಗೆ ಕೂರುವುದು, ಅತ್ತೆ ಮಣೆಯ ಮೇಲೆ ಕೂರುವುದು. ನಲವತ್ತಕ್ಕೆ ಒಂದು. ಸಿಸ್ಟರಿಗೆ ಒಂದು ಪುಟ ತೆರೆಯಲು ಅಷ್ಟು ಸಾಕು. ಅತ್ತೆಗೆ ಹೇಳಿದಾಗ ಅವಳು, "ತಲಿ ತಿರಗೂದು ನಿನಗ ಬರತೈತೇನು? ನಾ ಕಲಸ್ತೀನಿ ಬಾ" ಎಂದು ಎರಡು ಸಲ ಬಿದ್ದು ತೋರಿಸಿದಳು. ಗಾಯದ ಕಾಲಿನಲ್ಲಿ.

ಸಮೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ ಪರ್ವೀನ್ ಮೇಡಂ ಬಂದರು. ದೊಡ್ಡ ಊರಿನವರು, ನನಗಿಂತ ನಾಲ್ಕೈದು ವರ್ಷ ಹಿರಿಯರು, ಹೆಗಲಿಗೆ ಯಂತ್ರದ ಚೀಲ. ಹಿಂದಿನ ದಿನವೇ ಊರಿಗೆ ತಲುಪಿದ್ದ ಪಟ್ಟಿಯಲ್ಲಿ ಮೊದಲನೆಯದು ಮುದಕಪ್ಪ ಯಜಮಾನರ ಮನೆ, ಹೆಸರೂ ಅವರದೇ. ಮಣೆ ಹಾಕಿದರು. ನಾನು ಕೂತು ಮುದಕಪ್ಪನಾದೆ. ನಿಜವಾದ ಮುದಕಪ್ಪನವರು ಕಂಬಕ್ಕೆ ಒರಗಿ ನಿಂತರು.

"ವಯಸ್ಸು?"

"ಅರವತ್ತೆಂಟು" ಎಂದೆ.

"ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟರು ಯಾವತ್ತಾದರೂ ಹೇಳಿದ್ದಾರಾ?"

"ಇಲ್ಲ."

"ಕೊನೆಗೆ ಊಟ ಮಾಡಿ ಎಷ್ಟು ಹೊತ್ತಾಯ್ತು?"

"ನಿನ್ನೆ ಸಂಜೆ ಉಂಡದ್ದು."

ಮೇಡಂ ಚುಚ್ಚಿದರು, ಹನಿಯನ್ನು ಪಟ್ಟಿಗೆ ಮುಟ್ಟಿಸಿದರು, ಯಂತ್ರ ನೋಡಿದರು. ಮತ್ತೆ ನೋಡಿದರು. "ಇನ್ನೂರ ಎಂಬತ್ತಾರು" ಎಂದರು.

ಯಜಮಾನರು ಕಂಬ ಬಿಟ್ಟು ಮುಂದೆ ಬಂದರು. "ಯಾರಿಗ?"

"ಮುದಕಪ್ಪನವರಿಗೆ."

"ನನಗೇನ್ ಆಗಿಲ್ರಿ. ನಿಮ್ಮ ಮಷೀನ್ ಕೆಟ್ಟೈತಿ."

ಮೇಡಂ ತಮ್ಮದೇ ಬೆರಳು ಚುಚ್ಚಿಕೊಂಡು ತೋರಿಸಿದರು. ತೊಂಬತ್ತೆಂಟು. ನನ್ನ ಇನ್ನೊಂದು ಕೈ ಹಿಡಿದು ಚುಚ್ಚಿದರು. ಇನ್ನೂರ ಎಂಬತ್ತೊಂದು. ನಾನು ಮಣೆಯ ಮೇಲೆ ಕೂತೇ ಇದ್ದೆ, ಅಂದರೆ ಕಾನೂನಿನ ಪ್ರಕಾರ ಇನ್ನೂ ಮುದಕಪ್ಪ. ಆದರೆ ಬೇಸಿಗೆ, ನೀರು, ಜಾರುವ ಬಳೆ ಎಲ್ಲ ಒಂದರ ಹಿಂದೊಂದು ತಲೆಗೆ ಬಂದವು. ನನಗೆ ಬಂದದ್ದು ಭಯವಲ್ಲ, ಸಿಟ್ಟು. ಇಷ್ಟು ಓದಿ ಗೊತ್ತಾಗಲಿಲ್ಲವಲ್ಲ ಎಂದು.

ಯಜಮಾನರು ನಿಲ್ಲಿಸಿ ಎಂದರು. ಅದಕ್ಕೆ ಒಪ್ಪದವನು ನನ್ನ ಜೊತೆ ಬಂದಿದ್ದ ಅಪ್ಪ. "ಮೊದಲ ಮಣಿಗೆ ಕುಂತ ಬೆರಳು ನಲವತ್ತನೇದು ಮುಗಿಸೂತನಕ ಮನಿಗೆ ಹೋಗೂದಿಲ್ರಿ. ನಮ್ಮಪ್ಪ ಜ್ವರದಾಗೂ ಮುಗಿಸ್ಯಾನ."

"ಹಂಗಾರ ನೀ ಕುಂದರು ತಿಪ್ಪಣ್ಣ."

ಅಪ್ಪ ಸಂತೋಷವಾಗಿ ಕೂತ. ಮೂರು ಸೂಜಿ ಬಾಗಿದವು. ನಾಲ್ಕನೆಯದನ್ನು ಮೇಡಂ ಚೀಲದಿಂದ ತೆಗೆಯಲೇ ಇಲ್ಲ.

ಎರಡನೆಯ ಮನೆಯಲ್ಲಿ ನಾನು ಹೊಸ ಮದುಮಗಳು, ಇನ್ನೂರ ಎಪ್ಪತ್ತೊಂಬತ್ತು. ಅವಳ ಅತ್ತೆ ಅವಳನ್ನು ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ. "ಮಣಿ ಮ್ಯಾಲೆ ಕುಂತಾಕಿ ನಾ. ಅಕಿ ಕಡೆ ಏನ್ ನೋಡ್ತಿ?" ಎಂದು ಮದುಮಗಳ ಪರವಾಗಿ ನಾನೇ ಜಗಳ ತೆಗೆದೆ. ಒಂಬತ್ತನೆಯ ಮನೆಯಲ್ಲಿ ಕುಸ್ತಿಯ ಪೈಲ್ವಾನನಾದೆ, ಇನ್ನೂರ ತೊಂಬತ್ತು. ಪೈಲ್ವಾನ್ ಹೊರಗೆ ಗೋಡೆ ಹಿಡಿದು ಕೂತುಬಿಟ್ಟ, ಬೆಳಿಗ್ಗೆಯಿಂದ ಕಾಲು ಜೋಮು ಹಿಡಿದಂತಾಗಿದೆ ಎಂದ. ಮಧ್ಯಾಹ್ನದ ಹೊತ್ತಿಗೆ ಒಂದು ಗುಂಪು ನಮ್ಮ ಹಿಂದೆಯೇ ಬರುತ್ತಿತ್ತು. ಪ್ರತಿ ಮನೆಯಲ್ಲೂ ನಂಬರು ಕೂಗಿದಾಗ ಹೋ ಎನ್ನುತ್ತಿದ್ದರು. ಊಟಕ್ಕೆ ಕರೆದವರಿಗೆ ನಾನು ಸಿಹಿ ಬೇಡ ಎಂದೆ. ಆ ಮನೆಯವರು ಅಳುವುದೊಂದು ಬಾಕಿ.

ನಲವತ್ತನೆಯ ಮನೆಯಲ್ಲಿ ಅತ್ತೆ ಬಾಗಿಲ ಪಕ್ಕ ಸಿದ್ಧವಾಗಿ ಕೂತಿದ್ದಳು. ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು, ಈಗ ಬೀಳು ಎಂದು. ಅವಳ ಕಾಲಿನ ಕಾರಣಕ್ಕೆ ಅವಳನ್ನು ಬೆಳಿಗ್ಗೆಯಿಂದ ಅಲ್ಲೇ ಕೂರಿಸಿದ್ದೆ. ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ನಾನು ನೆಟ್ಟಗೆ ಹೋಗಿ ಮಣೆಯ ಮೇಲೆ ಕೂತೆ. ಅವಳ ಮುಖ ಇಳಿಯಿತು. ಮೇಡಂ ಮುನ್ನೂರ ಎರಡು ಎಂದಾಗ ಅವಳು ಮಣೆಯ ಹತ್ತಿರ ಸರಿದಳು.

"ಎಷ್ಟು ಮನಿಯಾಗ ಬಂತು?" ಎಂದಳು.

"ಎಲ್ಲಾದ್ರಾಗೂ."

"ನಲವತ್ತಕ್ಕ ನಲವತ್ತು?" ಅತ್ತೆ ನನ್ನ ಕೆನ್ನೆ ಹಿಂಡಿದಳು. "ಪರೀಕ್ಷಾದಾಗೂ ನೀ ಇಷ್ಟು ತಗೊಂಡಿದ್ದಿಲ್ಲಲ್ಲ." ಆಮೇಲೆ ಹಿಂಡಿದ ಕೈಯನ್ನು ಹಾಗೇ ಇಟ್ಟುಕೊಂಡು, "ನಾಳಿಂದ ಇಬ್ರೂ ಕೂಡಿ ನಡ್ಯಾಕ ಹೋಗೂಣು. ಮದಲು ನನ್ನ ಕಾಲು ನೆಟ್ಟಗಾಗ್ಲಿ" ಎಂದಳು.

ಯಂತ್ರದಲ್ಲಿ ನೂರ ನಲವತ್ತು ದಾಟಿದವರಿಗೆಲ್ಲ, ಆರೋಗ್ಯ ಕೇಂದ್ರಕ್ಕೆ ಹೋಗಿ ಎಂಬ ಚೀಟಿ ಕೊಡಬೇಕೆಂದು ಸಮೀಕ್ಷೆಯ ನಿಯಮ. ಮೇಡಂ ನಲವತ್ತು ಚೀಟಿ ಬರೆದರು. ಸುಲೋಚನಾ ಸಿಸ್ಟರ್ ನಲವತ್ತನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಮೇಲಿನವರಿಗೆ ಕಳಿಸಿದರು. ಮೇಲಿನವರು ತಮ್ಮ ಲೆಕ್ಕ ಮಾಡಿದರು: ನಲವತ್ತಕ್ಕೆ ನಲವತ್ತು ಎಂದರೆ ನೂರಕ್ಕೆ ನೂರು. ಹನ್ನೊಂದನೆಯ ದಿನ ಇಡೀ ಊರಿಗೆ ಸಾಕಾಗುವಷ್ಟು ಮಾತ್ರೆ, ಜೊತೆಗೆ ಒಂದು ಪರೀಕ್ಷೆಯ ಯಂತ್ರ ಹೊತ್ತು ಒಂದು ವ್ಯಾನು ಬಂತು. ಸಿಸ್ಟರ್ ಮೊದಲ ಪೆಟ್ಟಿಗೆಯನ್ನು ಅಲ್ಲೇ ಒಡೆದು, ಅತ್ತೆಯ ಬಾಯಿಗೆ ಒಂದು, ನನ್ನ ಬಾಯಿಗೆ ಒಂದು ಹಾಕಿ ನೀರು ಕೊಟ್ಟರು.

ತೊಂದರೆ ಶುರುವಾದದ್ದು ಮರುದಿನ. ವ್ಯಾನಿನ ಜೊತೆ ಊರಿನ ಎಲ್ಲ ವಯಸ್ಕರ ಪಟ್ಟಿಯೂ ಬಂದಿತ್ತು, ಸಾವಿರದ ನೂರು ಹೆಸರು. ಪ್ರತಿಯೊಬ್ಬರೂ ರೋಗಿ. ಪ್ರತಿಯೊಬ್ಬರೂ ಮಾತ್ರೆ ತೆಗೆದುಕೊಂಡು ಸಹಿ ಹಾಕಬೇಕು. ಯಜಮಾನರು ಕೋಲು ಊರಿಕೊಂಡು ಕೇಂದ್ರಕ್ಕೆ ಬಂದರು.

"ನನಗ ಕಾಯ್ಲಿ ಇಲ್ಲ. ನನ್ನ ಹೆಸರು ತಗೀರಿ."

"ಸಮೀಕ್ಷಾದಾಗ ಇನ್ನೂರ ಎಂಬತ್ತಾರು ಐತಲ್ರಿ ನಿಮ್ಮದು" ಎಂದರು ಸಿಸ್ಟರ್.

"ಅದು ಅಕಿದು."

"ಮಣಿ ಮ್ಯಾಲೆ ಕುಂತಾಗ ಅಕಿ ನೀವಾ ಅಲ್ಲೇನ್ರಿ? ನೀವ ಮಾಡಿದ ಪದ್ಧತಿ."

ಯಜಮಾನರು ಕೋಲಿನಿಂದ ನೆಲ ಕುಟ್ಟಿದರು. ಸಿಸ್ಟರ್ ಧ್ವನಿ ತಗ್ಗಿಸಿ, "ನೋಡ್ರಿ, ಕಾಯ್ಲಿ ಇಲ್ಲದವರಿಗೆ ನಾನೂ ಮಾತ್ರಿ ಕೊಡೂದಿಲ್ಲ. ಬ್ಯಾಡ ಅನ್ನೋರು ನಿಮ್ಮ ಬೆರಳು ನೀವ ತೋರಿಸ್ರಿ. ನೂರ ನಲವತ್ತರ ಕೆಳಗ ಬಂದ್ರ ಹೆಸರು ಹೊಡದ್ ಹಾಕ್ತೀನಿ" ಎಂದರು.

ಯಜಮಾನರು ಬೆರಳು ಚಾಚಿದರು. ಅರವತ್ತೆಂಟು ವರ್ಷದಲ್ಲಿ ಮೊದಲ ಸಲ. ಸೂಜಿ ತಾಗಿದಾಗ, "ಇಷ್ಟನಾ?" ಎಂದರು. ಇನ್ನೂರ ನಲವತ್ತನಾಲ್ಕು ಬಂತು. ಅವರು ಬೆಂಚಿನ ಮೇಲೆ ಕೂತು ತಮ್ಮ ಬೆರಳನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನಲವತ್ತೆರಡು ನೀ ಹೆಚ್ಚಿಗಿ ಹೇಳಿದ್ದಿ" ಎಂದರು.

ಅಂದಿನಿಂದ ಆರೋಗ್ಯ ಕೇಂದ್ರದೆದುರು ಸಾಲು ಹತ್ತಿತು. ಕಾಯಿಲೆ ಇಲ್ಲವೆಂದು ತೋರಿಸಿಕೊಳ್ಳಲು ಇಡೀ ಊರು ತನ್ನ ತನ್ನ ಬೆರಳು ಹಿಡಿದು ನಿಂತಿತು. ಪೈಲ್ವಾನನಿಗೆ ಎಂಬತ್ತೊಂಬತ್ತು ಬಂತು. ಕಾಲಿನ ಜೋಮು ಅಲ್ಲೇ ಬಿಟ್ಟಿತು. ಹೊಸ ಮದುಮಗಳಿಗೆ ತೊಂಬತ್ತೊಂದು, ಅವಳ ಅತ್ತೆಗೆ ಮುನ್ನೂರ ಹತ್ತು. ಕಂಡಕ್ಟರನಿಂದ ಬಡೇಸೋಪು ತರಿಸುತ್ತಿದ್ದವರು ಒಬ್ಬರ ಹಿಂದೊಬ್ಬರು ನಿಂತು, ನೀನೂನಾ, ನೀನೂನಾ ಎಂದು ಕೇಳಿಕೊಂಡರು. ಹದಿನೈದು ದಿನದಲ್ಲಿ ಪಟ್ಟಿ ಮುಗಿಯಿತು. ಸಾವಿರದ ನೂರರಲ್ಲಿ ನೂರ ಐವತ್ತೆಂಟು ಹೆಸರು ಉಳಿದವು. ಸುತ್ತಲಿನ ಊರುಗಳಂತೆಯೇ ನಾವು. ಯಾರಿಗೂ ಅಧ್ಯಯನ ಮಾಡಬೇಕಾದ ಆಹಾರ ಪದ್ಧತಿ ನಮ್ಮಲ್ಲಿಲ್ಲ.

ನೂರ ಐವತ್ತೆಂಟರಲ್ಲಿ ನಾನೂ ಇದ್ದೇನೆ. ದಿನಕ್ಕೆ ಎರಡು ಮಾತ್ರೆ. ಊಟ ಕೊಡುವ ಮನೆಗಳು ಈಗ ಜೋಳದ ರೊಟ್ಟಿ, ಪುಂಡಿಪಲ್ಯ ಕೊಡುತ್ತವೆ. ಹಾಸ್ಟೆಲಿನ ಸಾರಿಗಿಂತ ಎಷ್ಟೋ ಮೇಲು. ಮುಂದಿನ ಸುತ್ತಿಗೆ ತಮ್ಮ ಬೆರಳು ತಾವೇ ಕೊಡುತ್ತೇವೆ ಎಂದು ಊರಿನವರು ಹೇಳಿದ್ದಾರೆ. ಅಪ್ಪನಿಗೆ ಅದೇ ಬೇಸರ. "ಇನ್ನ ನಾವ್ ಯಾರು?" ಎಂದು ಕೇಳಿದ. ನೇಕಾರರು ಎಂದೆ. ಅದು ಅವನಿಗೆ ಹೊಳೆದಿರಲಿಲ್ಲ.

ವರದಿ ಅಚ್ಚಾಗಲು ಎರಡು ವರ್ಷ ಹಿಡಿಯಿತು. ಅದರಲ್ಲಿ ನಮ್ಮ ಊರಿನ ಸಾಲು ಹೀಗಿತ್ತು: ಸೊನ್ನೆ, ಸೊನ್ನೆ, ಸೊನ್ನೆ, ನೂರು. ದೇಶದಲ್ಲಿ ಎಲ್ಲೂ ಇಂಥದ್ದು ಆಗಿರಲಿಲ್ಲ. ಇಷ್ಟು ದೊಡ್ಡ ಅನಾಹುತಕ್ಕೆ ಕಾರಣ ಹುಡುಕಲು ಮೂವರು ತಜ್ಞರು ಬಂದಿಳಿದರು. ಕೆರೆಯ ನೀರು ಶೀಶೆಗೆ ತುಂಬಿಕೊಂಡರು, ಜೋಳದ ಹಿಟ್ಟು ಪೊಟ್ಟಣ ಕಟ್ಟಿದರು. ನಾನು ಬೆರಳಿನ ಪದ್ಧತಿಯನ್ನು ಮೊದಲಿನಿಂದ ವಿವರಿಸಿದೆ. ಹಿರಿಯ ತಜ್ಞರು ಎಲ್ಲವನ್ನೂ ಬರೆದುಕೊಂಡು, ಕೊನೆಗೆ ಅದರ ಮೇಲೆ ಗೆರೆ ಎಳೆದು, ಬೇರೆ ಯಾರನ್ನಾದರೂ ಕೇಳೋಣ ಎಂದರು.

ಅಷ್ಟರಲ್ಲಿ ಅತ್ತೆ ಬುಟ್ಟಿ ಹೊತ್ತು ಓಣಿಯ ತುದಿಯಿಂದ ಬಂದಳು. ಅವರು ಅವಳನ್ನು ನಿಲ್ಲಿಸಿದರು. "ಅಮ್ಮಾ, ಈ ಊರಿಗೆ ಸಕ್ಕರೆ ಕಾಯಿಲೆ ಯಾವಾಗ ಬಂತು?"

"ನನಗ ಬಂದು ಹತ್ತು ವರ್ಷಾತ್ರಿ" ಎಂದಳು ಅತ್ತೆ. "ಊರಿಗೆ ಬಂದದ್ದು ನಮ್ಮ ಹುಡುಗಿಗೆ ಬಂದ ದಿನ."

ಅವರಿಗೆ ಇದೂ ಅರ್ಥವಾಗಲಿಲ್ಲ. ಇನ್ನೂ ಕೇಳಬೇಕಿತ್ತು, ಆದರೆ ಅತ್ತೆ ನಿಲ್ಲುವವಳಲ್ಲ. ಕೆಳಗಿನ ಓಣಿಯಲ್ಲಿ ಸೀಮಂತವಿದೆ, ಹೆಂಗಸರು ಕಾಯುತ್ತಿದ್ದಾರೆ, ಕೇಳುವುದಿದ್ದರೆ ನಡೆಯುತ್ತಾ ಕೇಳಿ ಎಂದಳು. ತಜ್ಞರು ಶೀಶೆ, ಪೊಟ್ಟಣ ಎಲ್ಲ ಹೊತ್ತುಕೊಂಡು ಅವಳ ಹಿಂದೆ ಹೊರಟರು. ಅತ್ತೆಯ ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ, ಹೆಬ್ಬೆರಳು ಇದೆ. ಅವಳು ಬಿರಬಿರನೆ ಇಳಿಜಾರು ಇಳಿದಳು. ಆ ಮೂವರಿಗೆ ಅವಳ ಸಮಕ್ಕೆ ನಡೆಯಲು ಆಗಲಿಲ್ಲ.